ಸೊರಬಕ್ಕೆ ಹೋಗಿ ಬಂದ ಕ್ಯಾಪ್ಟನ್

ಮೊಮ್ಮಗಳು ಟೀವಿಯಲ್ಲಿ ನೋಡುವ ಜಪಾನಿ ಕಾರ್ಟೂನಿನಲ್ಲಿ ಆಟಗಾರ ಹೊಡೆದ ಚೆಂಡು ಬಲೆಯ ಆಚೆ ಬೀಳಲು ಅರ್ಧ ತಾಸು ಬೇಕು. ಅದು ಗಾಳಿಯಲ್ಲಿ ತೇಲುವಷ್ಟು ಹೊತ್ತೂ ಆ ಹುಡುಗನಿಗೆ ಮನೆಯಲ್ಲಿ ಅಪ್ಪ ಅಮ್ಮ ಆಡಿದ ಜಗಳಗಳೆಲ್ಲ ಒಂದೊಂದಾಗಿ ನೆನಪಾಗುತ್ತವೆ. ಮನೆಮಂದಿ ನಗುತ್ತಾರೆ. ನಾನು ನಗುವುದಿಲ್ಲ, ಏಕೆಂದರೆ ಅಂಥ ಚೆಂಡೊಂದನ್ನು ತೊಂಬತ್ತರ ದಶಕದಲ್ಲಿ ಸೊರಬದ ಮೈದಾನದಲ್ಲಿ ನಾನೇ ಕಣ್ಣಾರೆ ಕಂಡಿದ್ದೇನೆ.

ಆಗ ನಾನು ಶಿಕಾರಿಪುರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಡ್ರಿಲ್ ಮಾಸ್ತರರಿಗೆ ವರ್ಗವಾದಾಗ ಹೆಡ್‌ಮಾಸ್ತರರು ಹುಡುಗಿಯರ ಬಾಲ್ ಬ್ಯಾಡ್ಮಿಂಟನ್ ತಂಡವನ್ನು ನನಗೆ ವಹಿಸಿದರು. ಲೋಪ, ಆಗಮ, ಆದೇಶಗಳೆಂಬ ಸಂಧಿಗಳನ್ನು ಪಾಠ ಮಾಡಿಕೊಂಡಿದ್ದವನು ಹೀಗೆ ಆದೇಶಸಂಧಿಗೆ ಸ್ವತಃ ಉದಾಹರಣೆಯಾದೆ. ನಾಲ್ಕು ಹೆಜ್ಜೆ ಓಡಿದರೆ ಏದುಸಿರು ಬಿಡುವ, ಉಣ್ಣೆಯ ಹಳದಿ ಚೆಂಡು ಎದುರಿಗೆ ಬಂದರೆ ಕಣ್ಣು ಮುಚ್ಚುವ ನನ್ನಿಂದ ಕಲಿಯುವಂಥದ್ದೇನೂ ಇಲ್ಲವೆಂದು ಹುಡುಗಿಯರಿಗೆ ಮೊದಲ ಸಂಜೆಯೇ ತಿಳಿಯಿತು. ಅವರನ್ನು ತಯಾರು ಮಾಡಿದವಳು ಕ್ಯಾಪ್ಟನ್ ಗಿರಿಜಾ.

ಗಿರಿಜಾಳ ತಂದೆಗೆ ಪೇಟೆಯಲ್ಲಿ ಬಿತ್ತನೆ ಬೀಜದ ಅಂಗಡಿ. ತಾಯಿ ಗಂಡನೊಡನೆ ಮನಸ್ತಾಪವಾಗಿ ತವರೂರು ಸೊರಬಕ್ಕೆ ಹೋಗಿ ವರ್ಷ ಕಳೆದಿತ್ತು; ಅಂದಿನಿಂದ ತಾಯಿ ಮಗಳು ಪರಸ್ಪರ ಮುಖ ನೋಡಿರಲಿಲ್ಲ. ಆ ವರ್ಷ ನಮ್ಮ ತಂಡ ಜಿಲ್ಲಾ ಮಟ್ಟದ ಫೈನಲ್ ತಲುಪಿತು. ಪಂದ್ಯ ಸೊರಬದಲ್ಲೇ ಎಂದಾಗ ತಂದೆ ಬೇಡವೆಂದು ತಲೆಯಾಡಿಸಿದರು.

“ಬ್ಯಾಡ್ರೀ ಸರ್. ಹೋದ್ರೆ ಅವ್ರಮ್ಮನ ಹತ್ರಾನೇ ಉಳ್ಕೊಂತಾಳೆ. ಆಮ್ಯಾಲೆ ಮನೇಲಿ ನಾನೊಬ್ನೇ.”

“ನಾನೇ ವಾಪಸ್ ಕರ್ಕೊಂಡು ಬರ್ತೀನಿ,” ಎಂದು ಮಾತು ಕೊಟ್ಟೆ.

ಸೊರಬದಲ್ಲಿ ಮೊದಲ ಆಟದ ನಡುವೆ ಗಿರಿಜಾಳ ತಾಯಿ ಬಂದು ಗೆರೆಯಾಚೆ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತರು. ಎತ್ತರಕ್ಕೆ ಹಾರಿದ ಚೆಂಡು ಇಳಿದು ಬರುತ್ತಿತ್ತು. ಗಿರಿಜಾ ತಾಯಿಯನ್ನೇ ನೋಡುತ್ತ ನಿಂತಳು, ಬ್ಯಾಟು ಎತ್ತಲೇ ಇಲ್ಲ. ಚೆಂಡು ಅವಳ ಕಾಲ ಬುಡದಲ್ಲಿ ಬಿತ್ತು. ಆ ಆಟ ಸೋತೆವು.

ಬಿಡುವಿನಲ್ಲಿ ಅವಳು ನೆಟ್ಟಗೆ ತಾಯಿಯ ಬಳಿಗೆ ನಡೆದಳು. ನಾನು ಗಾಬರಿಯಿಂದ ಹಿಂದೆಯೇ ಹೋದೆ.

“ಅಮ್ಮಾ, ನೀನು ಅತ್ರೆ ನಂಗೆ ಚೆಂಡು ಕಾಣಲ್ಲ,” ಎಂದಳು. “ಕೂತ್ಕೊಂಡು ನೋಡು.”

ತಾಯಿ ಕಣ್ಣೊರೆಸಿಕೊಂಡು ಅಲ್ಲೇ ನೆಲದ ಮೇಲೆ ಕೂತರು. ಮುಂದೆ ಗಿರಿಜಾ ಆಡಿದ ಬಗೆಯನ್ನು ಬಣ್ಣಿಸಲು ನನ್ನ ಅಲಂಕಾರಶಾಸ್ತ್ರವೆಲ್ಲ ಸಾಲದು. ಉಳಿದೆರಡೂ ಆಟ ಗೆದ್ದೆವು, ಕಪ್ ನಮ್ಮದಾಯಿತು.

“ಇದೊಂದು ರಾತ್ರಿ ನಮ್ಮನೇಲಿ ಇರ್ಲಿ ಸರ್,” ಎಂದು ತಾಯಿ ಕೇಳಿದಾಗ ಇಲ್ಲವೆನ್ನಲು ಬಾಯಿ ಬರಲಿಲ್ಲ, ಆಗಲಿ ಎನ್ನಲು ಕೊಟ್ಟ ಮಾತು ಬಿಡಲಿಲ್ಲ. ಗಿರಿಜಾಳೇ ನನ್ನನ್ನು ಪಾರುಮಾಡಿದಳು.

“ಇವತ್ತು ಹೋಗ್ತೀನಮ್ಮ. ಇವತ್ತು ಹೋದ್ರೆ ಅಪ್ಪ ಇನ್ನೊಂದ್ಸಲ ಕಳಿಸ್ತಾರೆ.”

ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ತಂದೆ ಅಂಗಡಿ ಮುಚ್ಚಿ ಬಂದು ಕಾಯುತ್ತಿದ್ದರು. ನನ್ನ ಕೈಯಲ್ಲಿದ್ದ ಕಪ್ ಕಡೆ ನೋಡಲೂ ಇಲ್ಲ. ಇಳಿಯುವವರ ಮುಖಗಳನ್ನೇ ಹುಡುಕುತ್ತಿದ್ದರು. ಕೊನೆಗೆ ಮಗಳು ಇಳಿದಳು.

“ಗೆದ್ವಿ ಅಪ್ಪಾ. ಅಮ್ಮ ನೋಡಿದ್ಲು. ಭಾನುವಾರ ಮತ್ತೆ ಹೋಗ್ತೀನಿ, ಸಂಜೆಗೆ ಬಂದುಬಿಡ್ತೀನಿ.”

ಅವರು ಅವಳ ಚೀಲವನ್ನು ಹೆಗಲಿಗೇರಿಸಿಕೊಂಡರು. ಸ್ವಲ್ಪ ದೂರ ನಡೆದ ಮೇಲೆ, “ಭಾನುವಾರ ಬೆಳಿಗ್ಗೆ ಬಸ್ಸಿಗೆ ಹೋಗು. ನಾನೇ ಹತ್ತಿಸ್ತೀನಿ,” ಎಂದರು.

ಮರುದಿನ ಪ್ರಾರ್ಥನೆಯ ವೇಳೆ ಹೆಡ್‌ಮಾಸ್ತರರು ತರಬೇತುದಾರನೆಂದು ನನ್ನನ್ನು ಕರೆದಾಗ ಹುಡುಗಿಯರು ಮುಸಿಮುಸಿ ನಕ್ಕರು. ನಾನು ಗಿರಿಜಾಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಎದೆಯುಬ್ಬಿಸಿ ನಿಂತೆ. ಆ ಹೆಮ್ಮೆಯಲ್ಲಿ ನನ್ನ ಪಾಲು ಎಷ್ಟೆಂದು ನನಗೆ ಗೊತ್ತಿತ್ತು. ಆದರೂ ಅದನ್ನು ಇಂದಿಗೂ ಬಿಟ್ಟುಕೊಟ್ಟಿಲ್ಲ.