ನಡುವೆ ಇಟ್ಟ ಎರಡು ಶೇಂಗಾ

ಅಣುಗಳು ಮೊಬೈಲಿನಲ್ಲಿ ಬಣ್ಣಬಣ್ಣವಾಗಿ ತಿರುಗುವ ಕಾಲ ದೇವದುರ್ಗದ ಕಡೆಯ ನಮ್ಮ ಜಾಲಹಳ್ಳಿಗೆ ಇನ್ನೂ ಬಂದಿರಲಿಲ್ಲ. ನಾನು ಹತ್ತನೆಯ ತರಗತಿಯಲ್ಲಿದ್ದ ಆ ಚಳಿಗಾಲ, ವಿಜ್ಞಾನದ ಮೇಷ್ಟ್ರು ಕಿಸೆಯಿಂದ ಹುರಿದ ಶೇಂಗಾ ತೆಗೆದು ನನಗೊಂದು, ಪಕ್ಕದಲ್ಲಿದ್ದ ಗೆಳತಿ ರೆಹಾನಾಗೊಂದು ಬೀಜ ಕೊಟ್ಟರು. ಘಮಕ್ಕೆ ಬಾಯಲ್ಲಿ ನೀರೂರಿತು.

“ನೀವಿಬ್ರೂ ಹೈಡ್ರೋಜನ್. ಇದು ನಿಮ್ಮ ಎಲೆಕ್ಟ್ರಾನ್. ಇಬ್ರಿಗೂ ಎರಡೆರಡು ಬೇಕು, ಇರೋದು ಒಂದೊಂದ. ಏನ್ ಮಾಡ್ತೀರಿ?”

“ಇಕಿದು ಕಸಗೋತೀನ್ರಿ ಸರ್,” ಎಂದಳು ರೆಹಾನಾ. ಎಲ್ಲರೂ ನಕ್ಕರು.

“ಕಸಗೋಬ್ಯಾಡ, ಕೊಡಲೂಬ್ಯಾಡ. ಎರಡೂ ನಡುವ ಇಡ್ರಿ. ಈಗ ಎಣಿಸ್ರಿ.”

ನಾನು ಎಣಿಸಿದರೂ ಎರಡು, ಅವಳು ಎಣಿಸಿದರೂ ಎರಡು. ಇಬ್ಬರಿಗೂ ಸೇರಿದ ಈ ಜೋಡಿಯೇ ಎರಡು ಪರಮಾಣುಗಳನ್ನು ಹಿಡಿದಿಡುವ ಬಂಧ ಎಂದು ಹೇಳಿ ಮೇಷ್ಟ್ರು ಬೋರ್ಡಿನ ಕಡೆ ಹೋದರು. ತಿರುಗಿ ಬರುವಷ್ಟರಲ್ಲಿ ಬೆಂಚು ಖಾಲಿ.

“ಎಲ್ಲಿ ಎಲೆಕ್ಟ್ರಾನ್?”

“ನನ್ನ ಹೊಟ್ಟ್ಯಾಗ ಅದಾವ್ರಿ ಸರ್,” ಎಂದಳು ರೆಹಾನಾ.

ಹತ್ತಿ ಬಿಡಿಸುವ ಸುಗ್ಗಿ ಅದು. ರವಿವಾರ ಬಂದರೆ ರೆಹಾನಾ ತನ್ನ ತಾಯಿಯ ಜೊತೆ ಕೂಲಿಗೆ ಹೋಗುತ್ತಿದ್ದಳು. ಆ ರವಿವಾರವೂ ನಮ್ಮ ಬಾಗಿಲಲ್ಲಿ ನಿಂತು, “ನೀನೂ ಬಾ ಲೇ ನೀಲಾ, ಸಂಜೀಕ ಕೂಡಿ ಓದೂಣು,” ಎಂದಳು. ಪರೀಕ್ಷೆ ಹತ್ತಿರ ಬಂದಿದೆಯೆಂದು ಅವ್ವ ನನ್ನನ್ನು ಬಿಡಲಿಲ್ಲ.

ಮಧ್ಯಾಹ್ನ ಸುದ್ದಿ ಬಂತು. ಹೆಂಗಸರನ್ನು ತುಂಬಿಕೊಂಡಿದ್ದ ಟಂಟಂ ಆಟೋ ಗಬ್ಬೂರಿನ ದಾರಿಯಲ್ಲಿ ಪಲ್ಟಿಯಾಗಿತ್ತು. ತಾಯಿಯ ಬಲಗೈ ಮುರಿದಿತ್ತು. ರೆಹಾನಾ ದೇವದುರ್ಗದ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದಳು.

ಮರುದಿನ ಮೇಷ್ಟ್ರು ಪುಸ್ತಕ ತೆರೆದು, ನಮ್ಮ ಬೆಂಚನ್ನು ನೋಡಿ, ಮುಚ್ಚಿದರು. “ಹೊರಗ ಹೋಗಿ ಆಡ್ರಿ,” ಎಂದರು. ಯಾರೂ ಆಡಲಿಲ್ಲ.

ಅವಳ ತಾಯಿಯನ್ನು ನಾನೂ ಅಮ್ಮಿ ಎಂದೇ ಕರೆಯುತ್ತಿದ್ದೆ. ಕೈಗೆ ಪಟ್ಟಿ ಹಾಕಿದ್ದ ಅಮ್ಮಿಗೆ ದಿನಾ ಬೆಳಿಗ್ಗೆ ರೊಟ್ಟಿ ಬಡಿದುಕೊಡಲು ಹೋಗುತ್ತಿದ್ದೆ. ಒಂದು ದಿನ ಒಲೆಯ ಮುಂದೆ ಕೂತು ಕೇಳಿದಳು, “ಸಾಲ್ಯಾಗ ಅಕಿ ಹ್ಯಾಂಗಿದ್ಲು, ಹೇಳ ಬೇಟಾ.” ಶೇಂಗಾದ ಕಥೆ ಹೇಳಿದೆ. ಸೆರಗು ಬಾಯಿಗೆ ಒತ್ತಿ ನಕ್ಕಳು, ನಗುತ್ತಲೇ ಅತ್ತಳು. ಆಮೇಲೆ ಹೋದಾಗಲೆಲ್ಲ ಅದನ್ನೇ ಹೇಳಿಸುತ್ತಿದ್ದಳು.

ಈಗ ಮಾನ್ವಿಯಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಎರಡು ವೃತ್ತ ಬರೆದು ನಡುವೆ ಎರಡು ಚುಕ್ಕೆ ಇಡುವಾಗ ಒಂದು ಕ್ಷಣ ಕೈ ನಿಲ್ಲುತ್ತದೆ. ಮಕ್ಕಳು ಗಮನಿಸುವುದಿಲ್ಲ.

ಈ ರಂಜಾನಿಗೆ ಜಾಲಹಳ್ಳಿಗೆ ಹೋಗಿದ್ದೆ. ಅಮ್ಮಿಗೆ ಈಗ ಮರೆವು. ಕೈ ಹಿಡಿದು ಪಕ್ಕದಲ್ಲಿ ಕೂತು, ಅವಳು ಕೇಳದಿದ್ದರೂ ಆ ಕಥೆಯನ್ನೇ ಹೇಳಿದೆ. ಮೊದಲಿನಂತೆಯೇ ನಕ್ಕಳು.

“ಭಾಳ ಕಿಲಾಡಿ ಅದಾಳ,” ಎಂದಳು. “ಯಾರ ಮಗಳವ್ವಾ ಅಕಿ?”

ಇಷ್ಟು ವರ್ಷ ನಾವಿಬ್ಬರೂ ಸೇರಿ ಉಳಿಸಿಕೊಂಡಿದ್ದ ರೆಹಾನಾ ಅಂದಿನಿಂದ ನನ್ನೊಬ್ಬಳ ಹತ್ತಿರ ಇದ್ದಾಳೆ.