ಮೊದಲು ಬೆನ್ನು, ಆಮೇಲೆ ನೆಲ

ನಮ್ಮತ್ತೆಯ ಅಂಗೈ ಯಾವಾಗಲೂ ಬಿಸಿಯಾಗಿರುತ್ತಿತ್ತು. ಬ್ಯಾಡಗಿಯಲ್ಲಿ ವರ್ಷಗಟ್ಟಲೆ ಒಣಮೆಣಸಿನಕಾಯಿಯ ತೊಟ್ಟು ಮುರಿದ ಕೈ ಅದು; ಬೆರಳ ತುದಿಯ ಕೆಂಪು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಆ ಬಿಸಿ ನನಗೆ ಮೊದಲು ಗೊತ್ತಾದದ್ದು ಬೆನ್ನಿನ ಮೇಲೆ, ಮದುವೆಯ ದಿನ.

ಕುಪ್ಪೇಲೂರಿನ ತವರಿನಿಂದ ದಿಬ್ಬಣದ ಟೆಂಪೊ ಹೊರಟಿತ್ತು. ಹಿಂದಿನ ಸೀಟಿನಲ್ಲಿದ್ದ ನಾನು, ಊರು ಮರೆಯಾದ ಮೇಲೂ ಹಿಂದಿನ ಗಾಜಿನ ಕಡೆಗೇ ತಿರುಗಿ ಅಳುತ್ತಿದ್ದೆ. ರಾಣೆಬೆನ್ನೂರು ದಾಟುವಷ್ಟರಲ್ಲಿ ಧಾರೆ ಸೀರೆಯ ಮೇಲೆಯೇ ವಾಂತಿಯಾಗಿಹೋಯಿತು. ಮಾವನವರ ತಂಗಿ ಮೂಗು ಮುಚ್ಚಿಕೊಂಡು, ಎಲ್ಲರಿಗೂ ಕೇಳುವಂತೆ ಅಂದರು: "ಮದಿವಿ ದಿನಾನ ಉಲ್ಟಿ! ಒಳಗ ಏನರ ಐತೋ ಏನೋ!"

ನಾನು ತಲೆ ಎತ್ತಲಿಲ್ಲ. ಹೊಸ್ತಿಲು ತುಳಿಯುವ ಮೊದಲೇ ಹೆಸರು ಕೆಡುತ್ತಿತ್ತು.

ಟೆಂಪೊ ನಿಲ್ಲಿಸಿ, ಮುಂದಿನ ಸೀಟಿನಿಂದ ಅತ್ತೆ ಇಳಿದು ಬಂದರು. ಹೊಲಸಾದ ನೆಲವನ್ನು ನೋಡಲೇ ಇಲ್ಲ. ನನ್ನ ಬೆನ್ನು ಸವರಿದರು. ಆಮೇಲೆ ತಮ್ಮ ಆ ನಾದಿನಿಯ ಕಡೆ ಹೊರಳಿದರು. "ಉಲ್ಟಿ ಅಂದ್ರ ಹೊಳ್ಳೂದು, ತಿರುಗೂದು. ಗಾಡಿ ಮುಂದ ಹೊಂಟಿತ್ತು, ಹುಡುಗಿ ಹಿಂದ ಹೊಳ್ಳಿ ಹಡದವ್ವನ್ನ ಹುಡುಕಾಕತ್ತಿದ್ಲು. ಹೊಟ್ಟಿನೂ ಹೊಳ್ತು. ನೀ ಏನ್ ನಕ್ಕೋತ ಹೋಗಿದ್ದೇನ ಗಂಡನ ಮನಿಗೆ?" ತಮ್ಮ ಸೀಟಿನಲ್ಲಿ ನನ್ನನ್ನು ಕೂರಿಸಿ, ಹಿಂದೆ ಹೋಗಿ ನೆಲ ಒರೆಸಿ, ಅಲ್ಲೇ ಕುಳಿತರು.

ತವರಿನಲ್ಲಿ ನಾವು ಇದಕ್ಕೆ 'ಕಾರಿಕೊಳ್ಳೋದು' ಎನ್ನುವವರು. ಈ 'ಉಲ್ಟಿ' ಎಂಬ ಮಾತು ಎಲ್ಲಿಯದೆಂದು ಅತ್ತೆಯನ್ನು ಒಮ್ಮೆ ಕೇಳಿದೆ. "ಮೆಣಸಿನಕಾಯಿ ಒಯ್ಯಾಕ ಬರೋ ಲಾರಿಯವ್ರು ತಂದದ್ದವಾ. ಅವರ ಹಿಂದಿಯೊಳಗ ಉಲ್ಟಾ ಅಂದ್ರ ತಿರುವುಮುರುವು. ಕಾಯಿ ಒಯ್ದ್ರು, ಮಾತು ಬಿಟ್ಟು ಹೋದ್ರು," ಎಂದರು. ಲಾರಿಯವರ ಕಥೆ ಎಷ್ಟು ಖರೆಯೋ, ಅರ್ಥವಂತೂ ಖರೆ. ಓಣಿಯಲ್ಲಿ ಯಾರ ಕೂಸಿಗೆ ಉಲ್ಟಿಯಾದರೂ ಅತ್ತೆಯದು ಒಂದೇ ಮಾತು: "ಮೊದಲ ಬೆನ್ನು, ಆಮ್ಯಾಲ ನೆಲಾ."

ಹೋದ ವರ್ಷ ಅವರಿಗೇ ಹೊಟ್ಟೆಬೇನೆ ಬಂತು. ಗಂಜಿಯೂ ನಿಲ್ಲುತ್ತಿರಲಿಲ್ಲ. ಒಂದು ಮಧ್ಯಾಹ್ನ ಅದೇ ನಾದಿನಿ ನೋಡಲು ಬಂದು ಕೂತಿದ್ದಾಗ ಹಾಸಿಗೆಯಲ್ಲೇ ಉಲ್ಟಿಯಾಯಿತು. ಯಾರಿಗೂ ಅಂಜದ ನಮ್ಮತ್ತೆ ನಾಚಿ ಗೋಡೆಯ ಕಡೆ ಮುಖ ಮಾಡಿದರು.

"ನೆಲಾ ಹೊಲಸಾತಲ್ಲವಾ."

ನಾನು ಏಳುವ ಮೊದಲೇ ನಾದಿನಿಯ ಕೈ ಅವರ ಬೆನ್ನಿನ ಮೇಲಿತ್ತು. "ನೆಲಾ ಎಲ್ಲಿಗೆ ಹೊಕ್ಕೈತ್ರಿ ವೈನಿ," ಎನ್ನುತ್ತ ಆ ಹೆಂಗಸು ಗಳಗಳ ಅತ್ತುಬಿಟ್ಟರು.

ಆ ವಾರವೇ ಅತ್ತೆ ತೀರಿಕೊಂಡರು. ಅವರ ಸೊಸೆಯೆಂದು ನಾನು ಇವತ್ತೂ ಬ್ಯಾಡಗಿಯಲ್ಲಿ ತಲೆಯೆತ್ತಿ ನಡೆಯುತ್ತೇನೆ. ಟೆಂಪೊದಲ್ಲಿ ಬಗ್ಗಿದ್ದ ತಲೆ ಇದು. ಎತ್ತಿದ್ದು ಆ ಬಿಸಿ ಕೈ.