ಅರವತ್ತಕ್ಕೆ ನಾಲ್ಕು

ನಮ್ಮ ಮನಶ್ಶಾಸ್ತ್ರದ ಮೇಡಂಗೆ ಬಲಗಿವಿ ಕೇಳಿಸುತ್ತಿರಲಿಲ್ಲ. ಯಾರು ಮಾತಾಡಲು ಬಂದರೂ ಕುರ್ಚಿ ತಿರುಗಿಸಿ, ಜಡೆ ಹಿಂದೆ ಸರಿಸಿ, ಎಡಗಿವಿಗೆ ಅಂಗೈ ಆನಿಸಿ ಕೂರುತ್ತಿದ್ದರು. ಪ್ರಿನ್ಸಿಪಾಲರಿಗೂ ಅದೇ ಅಂಗೈ, ಕಸ ಗುಡಿಸುವ ಅವ್ವನಿಗೂ ಅದೇ. ಒಂದೇ ಕಿವಿಯಲ್ಲಿ ಅವರು ಕೇಳಿಸಿಕೊಂಡಷ್ಟನ್ನು ಎರಡು ಕಿವಿಯಿದ್ದೂ ನಾನು ಈವರೆಗೆ ಕೇಳಿಸಿಕೊಂಡಿಲ್ಲ.

ರಾಯಚೂರಿನ ನಮ್ಮ ಕಾಲೇಜು ಸಾಮಾಜಿಕ ನ್ಯಾಯದ ಹೆಸರು ಹೇಳಿಯೇ ಕಟ್ಟಿದ್ದು. ಹಟ್ಟಿ, ತಾಂಡಾ, ಕೇರಿಗಳ ಮಕ್ಕಳೇ ಹೆಚ್ಚು. ಮೇಡಂ ಕೂಡ ಕೂಲಿಯವರ ಮಗಳು. ದಿನಾ ಮಾನ್ವಿಯಿಂದ ಬಸ್ಸಿಗೆ ಬರುತ್ತಿದ್ದರು. ಯಾವ ಸಿದ್ಧಾಂತ ಪಾಠ ಮಾಡಿದರೂ ಕೊನೆಗೊಂದು ಮಾತು ತಪ್ಪುತ್ತಿರಲಿಲ್ಲ: "ಈ ಪ್ರಶ್ನಿ ಯಾರ ಮನಿಯಾಗ ಹುಟ್ಟೇದ? ಅದನ್ನ ಮೊದಲು ಕೇಳ್ರಿ." ನಾವು ಅದನ್ನೂ ನೋಟ್ಸಿನಲ್ಲಿ ಬರೆದುಕೊಳ್ಳುತ್ತಿದ್ದೆವು, ಅಷ್ಟೆ.

ಎರಡನೇ ವರ್ಷ ಪ್ರಾಯೋಗಿಕಕ್ಕೆ ಒಬ್ಬರ ಜ್ಞಾಪಕಶಕ್ತಿ ಅಳೆಯಬೇಕಿತ್ತು. ದೇವದುರ್ಗದ ಹತ್ತಿರದ ನಮ್ಮೂರಿಗೆ ಹೋಗಿ, ಕುರಿ ಕಾಯುವ ಅಜ್ಜಿಯನ್ನು ಕೂರಿಸಿಕೊಂಡು ಅಚ್ಚಾದ ಪಟ್ಟಿಯ ಹನ್ನೆರಡು ಪದ ಓದಿದೆ: ಪಿಯಾನೊ, ಹಡಗು, ಲಿಫ್ಟ್, ಹಿಮ... ಅಜ್ಜಿ ತಿರುಗಿ ಹೇಳಿದ್ದು ಎರಡೇ. ಮಹಾ ಜಾಣೆ ನಾನು, ರೆಕಾರ್ಡ್ ಪುಸ್ತಕದಲ್ಲಿ 'ಜ್ಞಾಪಕಶಕ್ತಿ ತೀರಾ ಕಡಿಮೆ' ಎಂದು ಬರೆದೆ.

ಅದನ್ನು ಕಾಕಾ ಓದಿದ. ಕುರಿ ಮಾರಲು ಮೊದಲೇ ತುದಿಗಾಲಲ್ಲಿ ನಿಂತಿದ್ದವನು. "ಕಾಲೇಜ್ ಪುಸ್ತಕದಾಗ ಬರದಾರ, ಮುದುಕಿಗಿ ನೆನಪಿಲ್ಲಂತ. ಕುರಿ ಕಾಯೂದು ಇನ್ನ ಸಾಕು," ಅಂದ. ಅಜ್ಜಿ ಕೋಲನ್ನು ಮೂಲೆಗಿಟ್ಟಳು. ಪುಸ್ತಕದಲ್ಲಿದ್ದದ್ದನ್ನು ಅವಳೂ ನಂಬಿಬಿಟ್ಟಿದ್ದಳು.

ಅಳುತ್ತಾ ಹೋಗಿ ಮೇಡಂಗೆ ಹೇಳಿದೆ. ಅವರು ಬೈಯಲಿಲ್ಲ. ಭಾನುವಾರ ಆ ಪುಸ್ತಕ ಹಿಡಿದು ನಮ್ಮ ಮನೆಗೇ ಬಂದರು, ಅಜ್ಜಿಯ ಪಕ್ಕ ನೆಲದ ಮೇಲೆ ಕೂತರು.

"ಯವ್ವಾ, ನಿಮ್ಮ ಕುರಿ ಯಾವ್ಯಾವು ಹೇಳ್ರಿ. ಈ ಕಡಿ ಬಂದು ಹೇಳ್ರಿ, ಆ ಕಿವಿ ಕೇಳ್ಸಂಗಿಲ್ಲ ನನಗ."

ಅಜ್ಜಿ ಮೊದಲು ತಡವರಿಸಿದಳು. ಆಮೇಲೆ ನಿಲ್ಲಲೇ ಇಲ್ಲ. ಕೆಂಚಿ, ಕೆಂಚಿಯ ತಾಯಿ, ಆ ತಾಯಿ ಕಾಲು ಮುರಿದುಕೊಂಡ ಹಳ್ಳ, ಬಿಳಿಗಿವಿಯದು ಯಾವ ಅಮಾವಾಸ್ಯೆಗೆ ಈದಿತು, ಅದರ ಮರಿ ಯಾರ ಮನೆ ಸೇರಿತು. ಅರವತ್ತು ಕುರಿಗಳ ಮೂರು ತಲೆಮಾರು! ಕಾಕಾ ಬಾಗಿಲಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದ. ನನಗೆ ಮೈ ಜುಮ್ಮೆಂದಿತು; ಹೇಳುತ್ತಿದ್ದ ಅಜ್ಜಿಯನ್ನು ಕಂಡೋ, ಅಂಗೈ ತೆಗೆಯದೆ ಕೇಳುತ್ತಿದ್ದ ಮೇಡಂ ಅವರನ್ನು ಕಂಡೋ, ಇವತ್ತಿಗೂ ಗೊತ್ತಿಲ್ಲ.

"ಈಗ ನೀ ಹೇಳವಾ," ಎಂದು ನನ್ನ ಕಡೆ ತಿರುಗಿದರು. ನನಗೆ ಬಂದದ್ದು ನಾಲ್ಕು ಕುರಿ. ರೆಕಾರ್ಡಿನಲ್ಲಿ ಅಜ್ಜಿಯ ಹೆಸರು ಹೊಡೆದು, ನನ್ನ ಹೆಸರು ಹಾಕಿ, 'ಅರವತ್ತಕ್ಕೆ ನಾಲ್ಕು' ಎಂದು ಬರೆದು ಸಹಿ ಮಾಡಿದರು. ಅಜ್ಜಿ ಎದ್ದು ಹೋಗಿ ಕೋಲು ತೆಗೆದುಕೊಂಡಳು. ಕಾಕಾ ಮತ್ತೆ ಮಾರುವ ಮಾತೆತ್ತಲಿಲ್ಲ.

ಈಗ ಅದೇ ಕಾಲೇಜಿನಲ್ಲಿ ಅದೇ ಪಾಠವನ್ನು ನಾನು ಮಾಡುತ್ತೇನೆ. ಪ್ರತಿ ವರ್ಷ ಮೊದಲ ತರಗತಿಗೆ ಆ ಪುಟ ಒಯ್ಯುತ್ತೇನೆ. ಮಕ್ಕಳು ನಗುತ್ತಾರೆ, ನಗಲಿ.

ಹೋದ ವರ್ಷ ಮೇಡಂ ತೀರಿಕೊಂಡರು. ತಾನೂ ಬರುತ್ತೇನೆಂದು ಅಜ್ಜಿ ಹಟ ಹಿಡಿದಳು. ಮಾನ್ವಿಯ ಆ ಮನೆಯಲ್ಲಿ ಹೆಂಗಸರು ಸರಿದು, ಮಲಗಿಸಿದ್ದ ಮೇಡಂ ಅವರ ಬಲಗಡೆ ಜಾಗ ಕೊಟ್ಟರು. ಅಜ್ಜಿ ಕೂರಲಿಲ್ಲ.

"ಆ ಕಡಿ ಕೇಳ್ಸಂಗಿಲ್ಲರೀ ಆಕಿಗಿ."

ಸುತ್ತು ಹಾಕಿ ಎಡಗಡೆಗೆ ಹೋಗಿ ಕೂತಳು. ಕಿವಿಯ ಹತ್ತಿರ ಬಾಗಿ ಹೇಳಿದಳು: "ಯವ್ವಾ, ಕೆಂಚಿ ಮೊಮ್ಮಗಳು ಈದಾಳ. ಎರಡು ಮರಿ."